ಆರನೆಯ ವಚನಕ್ಕೆ ನಿಲ್ಲುವ ಹಾಡು

ಪುಣೆಗೆ ಬಂದ ಹೊಸದರಲ್ಲಿ, 2001ರ ಮಳೆಗಾಲ, ಖಡಕಿಯ ಒಂದು ಗಲ್ಲಿಯಲ್ಲಿ ಬಾಡಿಗೆ ಮನೆ ಹುಡುಕುತ್ತ ನಾನೂ ನನ್ನ ಹೆಂಡತಿಯೂ ಒಂದೇ ಕೊಡೆಯಡಿ ನಿಂತು ಜಗಳಾಡುತ್ತಿದ್ದೆವು. ಮೇಲಿನ ಗ್ಯಾಲರಿಯಿಂದ ಒಂದು ದನಿ ಕೇಳಿತು: "ಧಾರವಾಡದವರೇನ್ರೀ? ಮ್ಯಾಲೆ ಬರ್‍ರಿ, ಚಾ ಕುಡದು ಜಗಳಾ ಆಡ್ರಿ." ಹಾಗೆ ಪರಿಚಯವಾದವರು ಕಾಕಾ. ಮೂಲ ಗದಗ-ಬೆಟಗೇರಿ. ರೈಲ್ವೆ ಗೂಡ್ಸ್ ಆಫೀಸಿನಲ್ಲಿ ನೌಕರಿ ಮುಗಿಸಿ ಪುಣೆಯಲ್ಲೇ ಉಳಿದವರು. ಬಾಸೆಲ್ ಮಿಶನ್ನಿನ ಕಾಲದಿಂದ ಕ್ರೈಸ್ತರಾದ ಮನೆತನ. ಭಾನುವಾರ ಬೆಳಿಗ್ಗೆ ಮರಾಠಿ ಚರ್ಚು, ಸಂಜೆ ಮನೆಯಲ್ಲೇ ನಾಲ್ಕಾರು ಕನ್ನಡದ ಕುಟುಂಬಗಳು ಸೇರಿ ಒಂದು ಸಣ್ಣ ಪ್ರಾರ್ಥನೆ. ನಾನು ಕ್ರೈಸ್ತನಲ್ಲ. ಆದರೂ ಎಷ್ಟೋ ಭಾನುವಾರ ಆ ಸಂಜೆ ಹೋಗಿ ಕುಳಿತಿದ್ದೇನೆ. ದೇವರಿಗಾಗಿ ಅಂದರೆ ಸುಳ್ಳಾಗುತ್ತದೆ. ಗಟ್ಟಿಯಾಗಿ ಓದುವ ಕನ್ನಡ ಕೇಳಿಸುತ್ತದೆ ಅಂತ ಹೋಗುತ್ತಿದ್ದೆ. ಪ್ರಾರ್ಥನೆ ಆದಮೇಲೆ ಗಿರ್ಮಿಟ್ ಇರುತ್ತಿತ್ತು, ಅದನ್ನೂ ಹೇಳಿಬಿಡಬೇಕು.

ಕಾಕಾನ ಸತ್ಯವೇದದಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆದ ಹಾಳೆ 137ನೆಯ ಕೀರ್ತನೆಯದು. ಕಥೆ ಗೊತ್ತಿದ್ದದ್ದೇ. ಬ್ಯಾಬಿಲೋನಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮನ್ನು ಗೆದ್ದು ಜನರನ್ನು ಸೆರೆಹಿಡಿದು ತನ್ನ ನಾಡಿಗೆ ಒಯ್ದ. ಅವರು ಪರನಾಡಿನ ಹೊಳೆಗಳ ದಂಡೆಯ ಮೇಲೆ ಕುಳಿತು ಊರು ನೆನೆದು ಅಳುತ್ತಾರೆ. ತಮ್ಮ ಕಿನ್ನರಿಗಳನ್ನು ಗಿಡಗಳಿಗೆ ತೂಗುಹಾಕುತ್ತಾರೆ. ಸೆರೆ ತಂದವರೇ ಬಂದು, ನಿಮ್ಮ ಕಡೆಯ ಹಾಡು ಒಂದು ಹೇಳಿ ನೋಡೋಣ ಅನ್ನುತ್ತಾರೆ. ಪರರ ನೆಲದಲ್ಲಿ ದೇವರ ಹಾಡನ್ನು ಹೇಗೆ ಹಾಡುವುದು ಎಂದು ಇವರು ಕೇಳಿಕೊಳ್ಳುತ್ತಾರೆ. ಊರನ್ನು ಮರೆತರೆ ನನ್ನ ಬಲಗೈ ತನ್ನ ಕಸುಬು ಮರೆಯಲಿ, ನಾಲಗೆ ಅಂಗಳಕ್ಕೆ ಅಂಟಿಕೊಳ್ಳಲಿ ಎಂದು ತನಗೆ ತಾನೇ ಶಾಪ ಹಾಕಿಕೊಳ್ಳುತ್ತಾನೆ ಹಾಡುವವನು. ಹಾಡಲಾರೆ ಅನ್ನುವುದೇ ಇಲ್ಲಿ ಹಾಡಾಗಿದೆ. ಇಷ್ಟಕ್ಕೆ ಆರು ವಚನ ಮುಗಿಯುತ್ತವೆ. (ನಮಗೆ ವಚನ ಅಂದರೆ ಬಸವಣ್ಣನವರದು. ಅವರಲ್ಲಿ ಪ್ರತಿ ಸಾಲುಗಟ್ಟಿಗೂ ವಚನ ಅಂತಲೇ ಹೆಸರು. ರೂಢಿಯಾಗಲು ನನಗೆ ಸ್ವಲ್ಪ ದಿನ ಹಿಡಿಯಿತು.) ಕಾಕಾ ಅಲ್ಲಿಗೆ ಪುಸ್ತಕ ಮುಚ್ಚುತ್ತಿದ್ದರು. ನನ್ನ ಕಣ್ಣು ಪ್ರತಿಸಲ ಒದ್ದೆಯಾಗುತ್ತಿತ್ತು. ನಮ್ಮ ಸೊಸೈಟಿಯ ಗಣಪತಿ ಹಬ್ಬದಲ್ಲೂ, ನಿಮ್ಮ ಭಾಷೆಯ ಹಾಡು ಒಂದು ಆಗಲಿ ಅಂತ ಮೈಕು ಕೈಗೆ ಕೊಡುತ್ತಿದ್ದರು ನೋಡಿ.

ಒಂದು ದಿನ ಅವರು ಒಳಗೆ ಹೋದಾಗ ಪುಸ್ತಕ ತೆಗೆದು ನೋಡಿದೆ. ಹಾಡು ಆರಕ್ಕೆ ಮುಗಿಯುವುದಿಲ್ಲ. ಇನ್ನೂ ಮೂರಿವೆ. ಏಳನೆಯದರಲ್ಲಿ, ಯೆರೂಸಲೇಮ್ ಬಿದ್ದ ದಿನ ಕೆಡವಿರಿ ಕೆಡವಿರಿ ಎಂದು ಹುರಿದುಂಬಿಸಿದ ನೆರೆಯ ಎದೋಮಿನವರ ಮೇಲೆ ದೂರು. ಎಂಟರಲ್ಲಿ, ನೀನು ನಮಗೆ ಮಾಡಿದ್ದನ್ನೇ ನಿನಗೆ ತೀರಿಸುವವನು ಧನ್ಯ ಎಂದು ಬ್ಯಾಬಿಲೋನಿಗೆ ಹೇಳುವ ಮಾತು. ಒಂಬತ್ತರಲ್ಲಿ, ನಿನ್ನ ಎಳೆಗೂಸುಗಳನ್ನು ಹಿಡಿದು ಬಂಡೆಗೆ ಬಡಿಯುವವನೂ ಧನ್ಯನೇ.

ಮೂರು ಸಲ ಓದಿದೆ. ಅಚ್ಚಿನ ತಪ್ಪಿರಬಹುದೇನೋ ಅನ್ನಿಸುವಷ್ಟು ಗಾಬರಿ. ಚಹಾ ತಂದ ಕಾಕಾನಿಗೆ ಕೇಳಿದೆ, "ಕಾಕಾ, ಮುಂದಿಂದು ಯಾಕ ಓದೂದಿಲ್ಲ?"

"ನಮ್ಮಪ್ಪನೂ ಆರಕ್ಕ ನಿಲ್ಲಸ್ತಿದ್ದ ತಮ್ಮಾ. ಓದಬಾರದು ಅಂತಲ್ಲ, ಓದಾಕ ಆಗೂದಿಲ್ಲ."

ಆರಕ್ಕೆ ನಿಲ್ಲಿಸಿದವರು ಕಾಕಾನ ಅಪ್ಪ ಒಬ್ಬರೇ ಅಲ್ಲ ಎಂದು ಆಮೇಲೆ ತಿಳಿಯಿತು. ಕೆಥೋಲಿಕ್ ಚರ್ಚು 1970ರ ದಶಕದ ಆರಂಭದಲ್ಲಿ ತನ್ನ ನಿತ್ಯಪ್ರಾರ್ಥನೆಯ ಪುಸ್ತಕವನ್ನು ಪರಿಷ್ಕರಿಸಿದಾಗ ಈ ಕೀರ್ತನೆಯ ಕೊನೆಯ ಮೂರು ವಚನಗಳನ್ನು ಕೈಬಿಟ್ಟಿತು. 1978ರಲ್ಲಿ ಬೋನಿ ಎಂ ತಂಡ ಇದೇ ಕೀರ್ತನೆಯ ಮೊದಲ ಭಾಗಕ್ಕೆ ತಾಳ ಹಾಕಿ ಜಗತ್ತನ್ನೆಲ್ಲ ಕುಣಿಸಿತಲ್ಲ, ಅದರಲ್ಲೂ ಕೂಸುಗಳ ಸುದ್ದಿ ಇಲ್ಲ. ಸಂತ ಅಗಸ್ಟೀನನಂಥವರು ಇನ್ನೊಂದು ದಾರಿ ಹಿಡಿದರು. ಕೂಸು ಎಂದರೆ ಮನಸ್ಸಿನಲ್ಲಿ ಈಗಷ್ಟೇ ಹುಟ್ಟಿದ ಕೆಟ್ಟ ಆಸೆ, ಬಂಡೆ ಎಂದರೆ ಕ್ರಿಸ್ತ, ಆಸೆ ಬೆಳೆಯುವ ಮೊದಲೇ ಅದನ್ನು ಬಡಿದು ಹಾಕಬೇಕು ಎಂದು ಅರ್ಥ ಹೇಳಿದರು. ಜಾಣ ಅರ್ಥವೇ. ಆದರೆ ಹಾಡಿದವನು ಆಸೆಯ ಮಾತು ಆಡುತ್ತಿರಲಿಲ್ಲ ಎಂಬುದು ಓದಿದ ಯಾರಿಗಾದರೂ ಗೊತ್ತಾಗುತ್ತದೆ. ನಮ್ಮಲ್ಲೂ ಪುರಾಣದ ಕಷ್ಟದ ಜಾಗ ಬಂದಾಗ "ಇದಕ್ಕೆ ತಾತ್ವಿಕ ಅರ್ಥ ಬೇರೆ ಇದೆ" ಎಂದು ಕೆಮ್ಮುವ ಪ್ರವಚನಕಾರರು ಇದ್ದಾರೆ.

ಕಾಕಾನ ಉತ್ತರ ಬೇರೆ ಇತ್ತು. "ಅದು ದೇವರು ಆಡಿದ ಮಾತಲ್ಲ. ದೇವರ ಮುಂದ ಮನಶ್ಯಾ ಆಡಿದ ಮಾತು. ಹೊಟ್ಟ್ಯಾಗ ಇದ್ದದ್ದು ಎಲ್ಲೆ ಕಕ್ಕಬೇಕೋ ಅಲ್ಲೆ ಕಕ್ಕ್ಯಾನ."

ಇದು ನನಗೆ ಹಿಡಿಸಿತು, ಪೂರಾ ಅಲ್ಲ. ಕೊನೆಯ ಮೂರು ಮನುಷ್ಯನ ಮಾತಾದರೆ ಮೊದಲ ಆರೂ ಮನುಷ್ಯನವೇ. ಅಳುವುದನ್ನು ಪವಿತ್ರ ಎಂದು ಇಟ್ಟುಕೊಂಡು ಶಾಪವನ್ನು ಮಾತ್ರ ಹೊರಗೆ ಕಕ್ಕಿದ್ದು ಅನ್ನಲು ಬರುವುದಿಲ್ಲ. ಎರಡೂ ಒಂದೇ ಬಾಯಿಂದ, ಒಂದೇ ಉಸಿರಿನಲ್ಲಿ ಬಂದವು. ನನಗೆ ಕಾಡಿದ್ದೂ ಇದೇ. ಊರಿನ ಮೇಲಿನ ಅಷ್ಟು ಮೆತ್ತಗಿನ ಪ್ರೀತಿ ಮೂರು ಹೆಜ್ಜೆ ನಡೆದು ಅಲ್ಲಿಗೆ ಹೇಗೆ ಮುಟ್ಟಿತು?

ಇದರ ಎದುರಿಗೆ ಅದೇ ಗ್ರಂಥದಲ್ಲಿ ಇನ್ನೊಂದು ಜಾಗ ಇದೆ. ಯೆರೆಮೀಯನ ಪುಸ್ತಕದ 29ನೆಯ ಅಧ್ಯಾಯ. ಅದು ಒಂದು ಕಾಗದ. ಕ್ರಿಸ್ತಪೂರ್ವ 597ರಲ್ಲಿ ಮೊದಲ ಗುಂಪು ಸೆರೆಹೋದಮೇಲೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಅವರಿಗೆ ಬರೆದದ್ದು. ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಅದರ ಹಣ್ಣು ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ಕಡಿಮೆಯಾಗಬೇಡಿ, ಹೆಚ್ಚಿರಿ ಎನ್ನುತ್ತಾನೆ. ಮುಂದೆ ಬಂದದ್ದು ಆ ಕಾಲದ ಯಾರಿಗೂ ನುಂಗಲಾಗದ ಮಾತು: ನೀವು ಸೆರೆಯಾಗಿ ಹೋದ ಆ ಊರಿನ ಕ್ಷೇಮಕ್ಕೆ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಇದೆ. ಹೀಬ್ರೂ ಮೂಲದಲ್ಲಿ ಆ ಒಂದು ವಚನದಲ್ಲಿ ಶಾಲೋಮ್ ಎಂಬ ಶಬ್ದ ಮೂರು ಸಲ ಬರುತ್ತದೆ. ಶಾಂತಿ ಎಂದೂ ಅರ್ಥ, ಕ್ಷೇಮ ಎಂದೂ ಅರ್ಥ. ನನಗೆ ನಮ್ಮಪ್ಪನ ಇನ್‌ಲ್ಯಾಂಡ್ ಲೆಟರುಗಳು ನೆನಪಾದವು. ಇತ್ತ ಕಡೆ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು. ಊರಿಂದ ಬರುವ ಕಾಗದದಲ್ಲಿ ಪುಣೆಯ ಕ್ಷೇಮ ಯಾರೂ ಕೇಳುವುದಿಲ್ಲ.

ಒಂದು ಕಡೆ ಆ ಊರಿಗಾಗಿ ಪ್ರಾರ್ಥಿಸಿ. ಇನ್ನೊಂದು ಕಡೆ ಆ ಊರಿನ ಕೂಸುಗಳನ್ನು ಬಡಿದವನು ಧನ್ಯ. ಒಂದೇ ರಟ್ಟಿನೊಳಗೆ. ನಾನು ಬಹಳ ದಿನ ಇದನ್ನು ಸುಲಭವಾಗಿ ಇತ್ಯರ್ಥ ಮಾಡಿಕೊಂಡಿದ್ದೆ: ಪ್ರವಾದಿ ದೊಡ್ಡವನು, ಹಾಡುಗಾರ ಸಣ್ಣವನು. ಆಮೇಲೆ ಇಸವಿ ನೋಡಿದಾಗ ನಾಚಿಕೆಯಾಯಿತು. ಯೆರೆಮೀಯನ ಕಾಗದ ಹೋದಾಗ ಯೆರೂಸಲೇಮ್ ಇನ್ನೂ ನಿಂತಿತ್ತು, ದೇವಾಲಯ ಸುಟ್ಟಿರಲಿಲ್ಲ. ಅದು ಸುಟ್ಟದ್ದು ಹತ್ತು ವರ್ಷದ ನಂತರ, ಕ್ರಿಸ್ತಪೂರ್ವ 587-586ರ ಹೊತ್ತಿಗೆ. ಕೀರ್ತನೆ ಊರು ಬಿದ್ದ ದಿನವನ್ನು ನೆನೆಯುತ್ತದೆ, ಅಂದರೆ ಅದು ಆಮೇಲಿನದು. ನಿನಗೆ ಮಾಡಿದ್ದನ್ನೇ ತೀರಿಸಲಿ ಅನ್ನುತ್ತಾನೆ. ಅವನ ಕಣ್ಣೆದುರು ಏನು ನಡೆದಿರಬಹುದು ಎಂಬುದನ್ನು ಎಂಟನೆಯ ವಚನ ಹೇಳದೆಯೇ ಹೇಳುತ್ತದೆ. ಆ ಕಾಲದ ಯುದ್ಧಗಳಲ್ಲಿ ಕೂಸುಗಳಿಗೆ ಇದೇ ಗತಿಯಾಗುತ್ತಿತ್ತು ಎಂಬುದಕ್ಕೆ ಅದೇ ಗ್ರಂಥದಲ್ಲಿ ಬೇರೆ ಸಾಕ್ಷಿಗಳಿವೆ. ಹಾಗಾದಮೇಲೆ, ಇನ್ನೂ ಏನೂ ಸುಡದಿದ್ದಾಗ ಬರೆದ ಕಾಗದ ಹಿಡಿದು ಸುಟ್ಟವನಿಗೆ ಬುದ್ಧಿ ಹೇಳಲು ನಾನು ಯಾರು?

ಕಾಗದದ ಒಳಗೂ ಗಂಟುಗಳಿವೆ. ಸೆರೆಗೆ ಒಯ್ದವನು ನೆಬೂಕದ್ನೆಚ್ಚರ ಎಂದು ಒಂದು ವಚನ ಹೇಳಿದರೆ, ಮೂರು ವಚನ ದಾಟಿದಮೇಲೆ ಕಳಿಸಿದವನು ನಾನೇ ಎಂದು ದೇವರು ಹೇಳುತ್ತಾನೆ. ಇನ್ನೊಂದು ಅಧ್ಯಾಯದಲ್ಲಿ ಆ ಅರಸ ದೇವರ ಸೇವಕನಂತೆ, 70 ವರ್ಷದ ನಂತರ ಅವನ ನಾಡಿಗೇ ಶಿಕ್ಷೆಯಂತೆ. ಕಳಿಸಿದ್ದು ಒಡೆಯ, ಹೊಡೆತ ಆಳಿಗೆ. ಇದು ಎಲ್ಲಿಯ ನ್ಯಾಯ ಎಂದು ಕಾಕಾನ ಜೊತೆ ಒಂದು ಇಡೀ ಸಂಜೆ ವಾದ ಮಾಡಿದ್ದೇನೆ. "ಗೂಡ್ಸ್ ಆಫೀಸಿನ್ಯಾಗ ನೌಕರಿ ಮಾಡ್ದವರಿಗೆ ಇದು ಹೊಸಾದಲ್ಲ ಬಿಡು" ಅಂದರು. ಇನ್ನೂ ಒಂದು: 597ರಿಂದ ಲೆಕ್ಕ ಹಾಕಿದರೆ ಪರ್ಶಿಯಾದ ಅರಸ ಸೈರಸ್ ಅವರನ್ನು ಬಿಟ್ಟು ಕಳಿಸುವ 538ರ ಹೊತ್ತಿಗೆ 70 ಆಗುವುದಿಲ್ಲ, 59 ಆಗುತ್ತದೆ. ದೇವಾಲಯ ಸುಟ್ಟದ್ದರಿಂದ ಮತ್ತೆ ಕಟ್ಟಿ ಮುಗಿದ 515ರ ತನಕ ಎಣಿಸಿದರೆ 70ಕ್ಕೆ ಹತ್ತಿರ ಬರುತ್ತದೆ. ಎಲ್ಲಿಂದ ಎಣಿಸಬೇಕು ಎಂದು ಪಂಡಿತರು ಜಗಳಾಡುತ್ತಾರೆ. ನನಗೆ ಆ ಲೆಕ್ಕಕ್ಕಿಂತ, ಕಾಗದ ಕೈಗೆ ಬಂದಾಗ ಮೂವತ್ತು ವರ್ಷದವನಾಗಿದ್ದವನ ಲೆಕ್ಕ ಮುಖ್ಯ ಅನ್ನಿಸುತ್ತದೆ. ನಿನ್ನ ಮೊಮ್ಮಗ ವಾಪಸು ಹೋಗುತ್ತಾನೆ, ನೀನು ತೋಟ ಹಾಕು ಅಂದಹಾಗಾಯಿತು. ಮೊಮ್ಮಗನಿಗೆ ಆ ಊರು ಯಾವುದು?

ಇದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅಂತ ಇನ್ನೊಬ್ಬ ಪ್ರವಾದಿ ಬರುತ್ತಾನೆ. ಎರಡೇ ವರ್ಷ, ಎಲ್ಲರೂ ವಾಪಸು ಬರುತ್ತಾರೆ ಎಂದು ದೇವಾಲಯದಲ್ಲಿ ಜನರೆಲ್ಲರ ಎದುರು ಸಾರುತ್ತಾನೆ. ಯೆರೆಮೀಯ ಮೊದಲು, ಆಮೆನ್, ಹಾಗೇ ಆಗಲಿ ಎನ್ನುತ್ತಾನೆ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಈ ಆಮೆನ್‌ಗೆ. ಆಮೇಲೆ ಹನನ್ಯನದು ಸುಳ್ಳು ಎಂದು ತೀರ್ಪು ಬರುತ್ತದೆ, ಅದೇ ವರ್ಷ ಹನನ್ಯ ಸಾಯುತ್ತಾನೆ. ಧೈರ್ಯ ಹೇಳಿದವನು ಸುಳ್ಳು ಪ್ರವಾದಿ, ಇನ್ನು ಅಲ್ಲೇ ಇರಿ ಅಂದವನು ನಿಜದವನು. ಇನ್ನೆರಡು ವರ್ಷ, ಆಮೇಲೆ ಹುಬ್ಬಳ್ಳಿಗೆ ಟ್ರಾನ್ಸ್‌ಫರ್ ಹಾಕಿಸಿಕೊಳ್ಳುತ್ತೇನೆ ಅಂತ ನಾನು ಹೆಂಡತಿಗೆ 2003ರಲ್ಲಿ ಹೇಳಿದೆ, 2007ರಲ್ಲಿ ಹೇಳಿದೆ, ಮಗಳು ಹತ್ತನೇ ಕ್ಲಾಸು ಮುಗಿಸಲಿ ಅಂತ 2016ರಲ್ಲೂ ಹೇಳಿದೆ. ನಮ್ಮ ಮನೆಯ ಹನನ್ಯ ನಾನೇ.

ಅದೇ ಕಾಗದದಲ್ಲಿ ಒಂದು ಹಣ್ಣಿನ ಉಪಮೆ ಇದೆ. ಊರಲ್ಲಿ ಉಳಿದವರು ತಿನ್ನಲಾಗದಷ್ಟು ಕೆಟ್ಟ ಅಂಜೂರ. ಐದು ಅಧ್ಯಾಯ ಹಿಂದೆ ಹೋದರೆ, ಸೆರೆಹೋದವರೇ ಒಳ್ಳೆಯ ಅಂಜೂರ. ಪರದೇಶಕ್ಕೆ ಹೋದವರಿಗೆ ಸಮಾಧಾನ ಹೇಳಲು ಹೀಗೆ ಅಂದಿರಬಹುದು, ಆದರೂ ಈ ಮಾತನ್ನು ನಾನು ಒಪ್ಪಲಾರೆ. ಅವ್ವನ ಕೊನೆಯ ಆರು ವರ್ಷ ಅವಳನ್ನು ಎತ್ತಿ ಕೂಡಿಸಿ, ಮಲಗಿಸಿದವನು ಊರಲ್ಲಿ ಉಳಿದ ನಮ್ಮಣ್ಣ. ನಾನು ದೀಪಾವಳಿಗೆ ಸೀರೆ ಒಯ್ದವನು. ಅಣ್ಣನ ಮುಂದೆ ಈ ಅಂಜೂರದ ಮಾತು ಓದುವ ಧೈರ್ಯ ನನಗಿಲ್ಲ.

ಪ್ರವಾದಿ ತಾನಾದರೂ ತನ್ನ ಮಾತಿನಂತೆ ನಡೆದನೇ? ಸೆರೆಹೋದವರಿಗೆ ಅಲ್ಲಿ ತೋಟ ಹಾಕಿ ಅಂದವನು, ಬ್ಯಾಬಿಲೋನಿನ ಸೈನ್ಯ ಊರು ಮುತ್ತಿ ಕುಳಿತಿದ್ದಾಗ ತನ್ನ ಹುಟ್ಟೂರು ಅನಾತೋತಿನಲ್ಲಿ ಚಿಕ್ಕಪ್ಪನ ಮಗನಿಂದ ಹೊಲ ಕೊಂಡ. 17 ಶೇಕೆಲ್ ಬೆಳ್ಳಿ ತೂಗಿ ಕೊಟ್ಟು, ಸಾಕ್ಷಿ ಹಾಕಿಸಿ, ಕ್ರಯಪತ್ರ ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ಈ ನಾಡಿನಲ್ಲಿ ಮತ್ತೆ ಹೊಲ-ಮನೆ ಕೊಳ್ಳುವ ಕಾಲ ಬರುತ್ತದೆ ಎಂಬುದಕ್ಕೆ ಅದು ಗುರುತು. ಆಮೇಲೆ ಜನ ಅವನನ್ನೇ ಬಲವಂತವಾಗಿ ಈಜಿಪ್ಟಿಗೆ ಎಳೆದುಕೊಂಡು ಹೋದರು. ಆ ಹೊಲವನ್ನು ಅವನು ಉತ್ತಿದ ಸುದ್ದಿ ಎಲ್ಲೂ ಇಲ್ಲ. ಧಾರವಾಡದಲ್ಲಿ ನನ್ನದೂ ಒಂದು ಪ್ಲಾಟಿದೆ, ಮೂವತ್ತು-ನಲವತ್ತು. ಅದರ ತುಂಬ ಕಾಂಗ್ರೆಸ್ ಕಸ ಬೆಳೆದಿದೆ. ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ ಬರುತ್ತೇನೆ. ಪಾವತಿಗಳನ್ನು ಹೆಂಡತಿ ಹಳೆಯ ಬಿಸ್ಕೀಟಿನ ಡಬ್ಬಿಯಲ್ಲಿ ಇಡುತ್ತಾಳೆ.

ಬ್ಯಾಬಿಲೋನಿಗೆ ಹೋದವರೇನು ಮಾಡಿದರು? ಹೆಚ್ಚಿನವರು ಕಾಗದದಲ್ಲಿ ಬರೆದಂತೆಯೇ ಮಾಡಿದರು. ಇರಾಕಿನ ಕಡೆಯಿಂದ ಬಂದ ಬೆಣೆಲಿಪಿಯ ಜೇಡಿಮಣ್ಣಿನ ಹಲಗೆಗಳು 2014ರಲ್ಲಿ ಪ್ರಕಟವಾದವು. ಅವುಗಳಲ್ಲಿ ಅಲ್-ಯಾಹೂದು ಎಂಬ ಊರಿನ ಹೆಸರು ಬರುತ್ತದೆ. ಯೆಹೂದದವರ ಊರು ಎಂದೇ ಅರ್ಥ. ಹೊಲ ಲಾವಣಿ ಹಿಡಿದದ್ದು, ಖರ್ಜೂರ, ಜವೆಗೋದಿ, ಸಾಲ, ತೆರಿಗೆ ಇವೇ ಅಲ್ಲಿನ ಬರಹ. ಅಳುವ ಸುದ್ದಿ ಇಲ್ಲ, ಲೆಕ್ಕದ ಪತ್ರದಲ್ಲಿ ಅಳು ಯಾಕೆ ಬರುತ್ತದೆ? ವಾಪಸು ಹೋದವರ ಮುಂದಾಳು ಜೆರುಬ್ಬಾಬೆಲ್. ಅವನ ಹೆಸರಿಗೇ ಬ್ಯಾಬಿಲೋನಿನ ಸಂತಾನ ಎಂದು ಅರ್ಥ. ಆ ಹೆಸರು ಹಿಡಿದೇ ಅವನು ಊರಿಗೆ ಹೋಗಿ ದೇವಾಲಯ ಕಟ್ಟಿಸಲು ನಿಂತ. ಇನ್ನು ಕೀರ್ತನೆಯ ಶಾಪ? 539ರಲ್ಲಿ ಸೈರಸ್‌ನ ಸೈನ್ಯ ಬ್ಯಾಬಿಲೋನ್ ನಗರವನ್ನು ಕಾಳಗವಿಲ್ಲದೆ ಹೊಕ್ಕಿತು ಎಂದು ಅಲ್ಲಿನದೇ ಹಲಗೆಯೊಂದು ಹೇಳುತ್ತದೆ. ಕೂಸುಗಳು ಉಳಿದವು. ಅವು ಸೆರೆಬಂದವರ ಮೊಮ್ಮಕ್ಕಳ ಜೊತೆ ಆಡಿರಲೂಬಹುದು.

ಅಲ್ಲೇ ಉಳಿದವರ ಸಂತತಿ ಎಂದು ತಮ್ಮನ್ನು ಹೇಳಿಕೊಳ್ಳುತ್ತಿದ್ದ ಯಹೂದಿಗಳು ಬಾಗ್ದಾದಿನಲ್ಲಿ 1950-51ರ ತನಕ ದೊಡ್ಡ ಸಂಖ್ಯೆಯಲ್ಲಿ ಇದ್ದರು. ಅವರಲ್ಲೊಬ್ಬ, ಅಲ್ಲಿನ ಆಡಳಿತದ ಕಿರುಕುಳ ತಾಳದೆ ಹೊರಟು 1832ರಲ್ಲಿ ಮುಂಬಯಿಗೆ ಬಂದ ಡೇವಿಡ್ ಸಸೂನ್. ಪುಣೆಯವರಿಗೆ ಆ ಹೆಸರು ಹೇಳಬೇಕಾಗಿಲ್ಲ. ಸ್ಟೇಶನ್ ಹತ್ತಿರದ ಸಸೂನ್ ಆಸ್ಪತ್ರೆ ಅವನ ದೇಣಿಗೆಯಿಂದ 1867ರಲ್ಲಿ ಆದದ್ದು. ಕ್ಯಾಂಪಿನ ಕೆಂಪು ಇಟ್ಟಿಗೆಯ ಓಹೆಲ್ ಡೇವಿಡ್ ಸಿನಗಾಗ್, ಜನರ ಬಾಯಲ್ಲಿ ಲಾಲ್ ದೇವಳ, ಅದರ ಆವರಣದಲ್ಲೇ ಅವನ ಸಮಾಧಿ. ಮೊದಲ ಸಲ ಇದು ತಿಳಿದಾಗ ಯೆರೆಮೀಯನ ಕಾಗದ ಬಾಗ್ದಾದ್ ದಾಟಿ ಪುಣೆಗೂ ಬಂತಲ್ಲ ಎಂದು ಕುಣಿದಾಡಿದ್ದೆ. ನಂತರ ಓದಿದೆ, ಆ ಮನೆತನದ ಸಂಪತ್ತಿನ ದೊಡ್ಡ ಪಾಲು ಚೀನಾಕ್ಕೆ ಮಾರಿದ ಅಫೀಮಿನಿಂದ ಬಂದದ್ದು. ಒಂದು ಊರಿನ ಕ್ಷೇಮಕ್ಕೆ ಇನ್ನೊಂದು ಊರಿನ ಹಾಳು. ಆ ಆಸ್ಪತ್ರೆಯ ಎದುರಿನ ಬಸ್‌ಸ್ಟಾಪಿನಲ್ಲಿ ನಿಂತಾಗಲೆಲ್ಲ ಇದನ್ನು ಯಾವ ಕಡೆ ಇಡಬೇಕೋ ತಿಳಿಯದೆ ನಿಲ್ಲುತ್ತೇನೆ.

ಈಗ ನನ್ನದು ಹೇಳಬೇಕು. ಇಷ್ಟೆಲ್ಲ ಓದಿ ಮಾತಾಡಿದವನು ನಾನು. 2022ರ ಡಿಸೆಂಬರ್ ಮೊದಲ ವಾರ ಗಡಿಯ ತಂಟೆ ಮತ್ತೆ ಎದ್ದಿತ್ತು. ಬೆಳಗಾವಿ ಹತ್ತಿರ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಕಪ್ಪು ಬಣ್ಣ. ಎರಡೂ ಕಡೆಯವರಿಗೆ ಎರಡನೆಯದು ಮಾತ್ರ ಅಥವಾ ಮೊದಲನೆಯದು ಮಾತ್ರ ಕಾಣುತ್ತಿತ್ತು. ಆ ವಾರ ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ, ನೀರಿನ ಟ್ಯಾಂಕರಿನ ವಿಷಯಕ್ಕೆ ನನ್ನ ಹೆಂಡತಿ ಎದ್ದು ಮಾತಾಡಿದಾಗ ಕೆಳಗಿನ ಮನೆಯವರು, ನಿಮ್ಮ ಊರಿಗೆ ಹೋಗಿ ಈ ಜೋರು ತೋರಿಸಿ ಅಂದರು. ಇಪ್ಪತ್ತೊಂದು ವರ್ಷ ಇದ್ದ ಊರು. ಇವಳು ಕುಳಿತಳು. ಯಾರೂ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಮೂರು ದಿನ ಬಿಟ್ಟು ಅವರ ಮಗ, ಐದನೇ ಕ್ಲಾಸಿನವನು, ಸೈಕಲ್ಲಿನಿಂದ ಬಿದ್ದ. ಕಾಂಪೌಂಡಿನ ಕಲ್ಲಿಗೆ ತಲೆ ಬಡಿಯಿತು. ಚೀರಿದ್ದು ಕೇಳಿ ಗ್ಯಾಲರಿಗೆ ಬಂದು ನೋಡಿದೆ. ರಕ್ತ ಕಂಡಿತು, ಯಾರ ಮಗ ಅಂತಲೂ ಕಂಡಿತು. ಒಂದು ಗಳಿಗೆ ನನ್ನೊಳಗೆ ಏನೋ ಹಗುರಾಯಿತು. ಸಂತೋಷ ಅಂತಲೇ ಅನ್ನಬೇಕು, ಬೇರೆ ಹೆಸರಿಟ್ಟರೆ ಮೋಸ. ಆಮೇಲೆ ಮೆಟ್ಟಿಲಿಳಿದು ಓಡಿದ್ದು, ನನ್ನ ಕಾರಿನಲ್ಲೇ ಆಸ್ಪತ್ರೆಗೆ ಒಯ್ದದ್ದು, ಏಳು ಹೊಲಿಗೆ ಹಾಕುವ ತನಕ ಅವನ ತಾಯಿಯ ಪಕ್ಕ ಕುಳಿತದ್ದು ಎಲ್ಲ ಆಯಿತು. ಹುಡುಗ ಆರಾಮಾದ. ಅವರ ಅಪ್ಪ ಲಿಫ್ಟಿನಲ್ಲಿ ಸಿಕ್ಕರೆ ತಲೆ ಆಡಿಸುತ್ತಾರೆ, ನಾನೂ ಆಡಿಸುತ್ತೇನೆ. ಆದರೆ ಓಡಿದ್ದು ಆ ಗಳಿಗೆಯನ್ನು ಅಳಿಸಿತು ಅಂತ ನನಗೆ ಅನ್ನಿಸಿಲ್ಲ.

ಕೀರ್ತನೆಯವನಿಗೂ ನನಗೂ ಹೋಲಿಕೆ ಇಲ್ಲ ಎಂಬುದು ಇಲ್ಲಿ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಅವನ ಊರು ಸುಟ್ಟಿದ್ದರು. ನನ್ನನ್ನು ಯಾರೂ ಬೇಡಿ ಹಾಕಿ ಪುಣೆಗೆ ತಂದಿಲ್ಲ. ಅಪಾಯಿಂಟ್‌ಮೆಂಟ್ ಆರ್ಡರ್ ಹಿಡಿದುಕೊಂಡು, ಅವ್ವ ಕಟ್ಟಿಕೊಟ್ಟ ಶೇಂಗಾಚಟ್ನಿ ಸಮೇತ ನಾನೇ ರೈಲು ಹತ್ತಿ ಬಂದವನು. ನಮ್ಮಂಥವರು ಸಭೆಗಳಲ್ಲಿ ಪರದೇಶಿ, ವನವಾಸ ಅಂತೆಲ್ಲ ಮಾತಾಡುತ್ತೇವೆ. ನಾನೂ ಆಡಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಮೊದಲ ಆರು ವಚನದ ಅಳುವನ್ನು ಸಾಲ ತಂದವನ ಕೈಗೆ ಕೊನೆಯ ಮೂರೂ ಬಂದುಬಿಡುತ್ತವೆ, ಅವನಿಗೆ ಅವುಗಳ ಹಕ್ಕಿಲ್ಲದಿದ್ದರೂ. ಆ ಮೂರನ್ನು ಹರಿದು ತೆಗೆದಿದ್ದರೆ ಗ್ಯಾಲರಿಯಲ್ಲಿ ನಿಂತಿದ್ದ ನನ್ನ ಗುರುತು ನನಗೆ ಸಿಗುತ್ತಿತ್ತೋ ಇಲ್ಲವೋ.

ಇದನ್ನು ನಾನು ಹೇಳಿದ್ದು ಕಾಕಾ ಒಬ್ಬರಿಗೇ. ಅವರು ಬುದ್ಧಿ ಹೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಹೂಂ" ಅಂದರು. ಮುಂದಿನ ಭಾನುವಾರ ಸಂಜೆ ಅದೇ ಕೀರ್ತನೆ ತೆಗೆದು, ಆರಕ್ಕೆ ನಿಲ್ಲಿಸದೆ ಓದಿದರು. ಎಂಬತ್ತು ದಾಟಿದ ದನಿ, ಒಂಬತ್ತನೆಯದಕ್ಕೆ ಬರುವಾಗ ತೀರಾ ತಗ್ಗಿತ್ತು, ಆದರೂ ಪೂರಾ ಓದಿದರು. ಕೋಣೆಯಲ್ಲಿ ಯಾರೂ ಆಮೆನ್ ಅನ್ನಲಿಲ್ಲ. ಕಾಕಾನ ಮರಿಮೊಮ್ಮಗಳು ನೆಲದ ಮೇಲೆ ಚಿತ್ರ ಬರೆಯುತ್ತ ಕುಳಿತಿದ್ದಳು. ಮನೆಯ ಕನ್ನಡ ಅವಳಿಗೆ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ. ತಲೆಯೆತ್ತಿ ಕೇಳಿದಳು, "ಕುಣಾಚೀ ಬಾಳಂ, ಆಬಾ?" ಯಾರ ಕೂಸುಗಳು?

ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು. "ಶೇಜಾರ್‍ಯಾಂಚೀ" ಅಂದರು. ನೆರೆಮನೆಯವರವು.

ಅವಳು ಸ್ವಲ್ಪ ಹೊತ್ತು ಅವರ ಮುಖ ನೋಡಿದಳು. ಆಮೇಲೆ ಮತ್ತೆ ಬಣ್ಣದ ಪೆನ್ಸಿಲ್ ಹಿಡಿದಳು. ಒಳಗಿನಿಂದ ಗಿರ್ಮಿಟ್ ಬಂತು, ಪ್ಲೇಟು ಹಂಚುವ ಕೆಲಸ ಆ ದಿನ ನನ್ನದಿತ್ತು.